ಮುರಿದ ಏಣಿಯ ಸಾಕ್ಷ್ಯ

ಮಾನವನು ಕಲ್ಪಿಸಿಕೊಂಡ ಸಾಧನಗಳಲ್ಲಿ ಏಣಿಯಷ್ಟು ಸರಳವಾದುದು ಮತ್ತೊಂದು ದೊರೆಯುವುದು ಕಷ್ಟ. ಎರಡು ಕಂಬಗಳು, ಅವುಗಳ ನಡುವೆ ಕೆಲವು ಅಡ್ಡಮೆಟ್ಟುಗಳು. ಇಷ್ಟೇ ಅದರ ಅಂಗರಚನೆ. ತಿರುಗುವ ಚಕ್ರವಿಲ್ಲ, ಉರಿಯುವ ಇಂಧನವಿಲ್ಲ, ಹರಿಯುವ ವಿದ್ಯುತ್ತಿಲ್ಲ. ಆದರೂ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2011ನೆಯ ಇಸವಿಯೊಂದರಲ್ಲಿಯೇ, ಉದ್ಯೋಗದ ವೇಳೆಯಲ್ಲಿ ಏಣಿಯಿಂದ ಬಿದ್ದು 113 ಮಂದಿ ಸತ್ತರೆಂದೂ ಸುಮಾರು 34,000 ಮಂದಿ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದರೆಂದೂ ಆ ದೇಶದ ರೋಗ ನಿಯಂತ್ರಣ ಕೇಂದ್ರದ ಲೆಕ್ಕ ತಿಳಿಸುತ್ತದೆ. ರಜಾದಿನದಲ್ಲಿ ಮನೆಯ ಸೂರಿನ ದೋಣಿಯಲ್ಲಿ ತುಂಬಿದ ತರಗೆಲೆಗಳನ್ನು ತೆಗೆಯಲು ಹತ್ತಿ ಬಿದ್ದವರು ಈ ಲೆಕ್ಕಕ್ಕೆ ಸೇರಿಲ್ಲ.

ಬಿದ್ದವರೆಲ್ಲರೂ ಏಣಿಯ ದೋಷದಿಂದಲೇ ಬಿದ್ದರೆಂದು ತಿಳಿಯಬಾರದು. ಏಣಿಯನ್ನು ತಪ್ಪಾಗಿ ಒರಗಿಸಿದವರು, ಪಕ್ಕಕ್ಕೆ ಅತಿಯಾಗಿ ಬಾಗಿದವರು, ಒದ್ದೆಯಾದ ಪಾದರಕ್ಷೆಯಲ್ಲಿ ಹತ್ತಿದವರು ಇವರೊಳಗೆ ಇದ್ದೇ ಇರುತ್ತಾರೆ. ಆದರೆ ಏಣಿಯೇ ಕೈಕೊಡುವುದೂ ಉಂಟು. 2018ರ ಮೇ ತಿಂಗಳಲ್ಲಿ ವರ್ನರ್ ಎಂಬ ಪ್ರಸಿದ್ಧ ಕಂಪನಿಯು ತಾನು ಮಾರಿದ್ದ ಒಂದು ಬಗೆಯ ಅಲ್ಯೂಮಿನಿಯಂ ಏಣಿಗಳನ್ನು, ಅಮೆರಿಕವೊಂದರಲ್ಲಿಯೇ ಸುಮಾರು 78,000ವನ್ನು, ಹಿಂದಕ್ಕೆ ಕರೆಸಿಕೊಂಡಿತು. ದುರ್ಬೀನಿನ ನಳಿಗೆಗಳಂತೆ ಒಂದರೊಳಗೊಂದು ಸರಿದು ಸೇರುವ, ಬಗೆಬಗೆಯ ಕೆಲಸಕ್ಕೆ ಒದಗುವ ಏಣಿಗಳು ಅವು. ಬಳಸುತ್ತಿರುವಾಗಲೇ ಅವು ಮುರಿಯಬಹುದು, ಹತ್ತಿದವರು ಬೀಳಬಹುದು ಎಂಬುದೇ ಪ್ರಕಟಣೆಯ ಕಾರಣ. ಬಳಕೆಯನ್ನು ಕೂಡಲೇ ನಿಲ್ಲಿಸಿರಿ, ಏಣಿಯನ್ನು ಹಿಂದಿರುಗಿಸಿ ಹಣವನ್ನು ಪಡೆಯಿರಿ ಎಂದು ಕೊಂಡವರಿಗೆ ತಿಳಿಸಲಾಯಿತು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳಲ್ಲಿಯೂ ಕಾರು ನಿಲ್ಲಿಸುವ ಕೊಟ್ಟಿಗೆಯ ಗೋಡೆಗೆ ಇಂಥದೊಂದು ಏಣಿ ಒರಗಿರುವುದು ಅಪರೂಪವೇನಲ್ಲ.

ಇಂಥ ಏಣಿಯಿಂದ ಬಿದ್ದು ಬೆನ್ನುಮೂಳೆಯನ್ನು ಮುರಿದುಕೊಂಡವನಿಗೆ ಆ ದೇಶದ ಕಾನೂನಿನಲ್ಲಿ ಯಾವ ದಾರಿಗಳಿವೆ? ಭೌತವಿಜ್ಞಾನವನ್ನು ಬೋಧಿಸುವ ನಾವು ವಕೀಲರ ಕ್ಷೇತ್ರಕ್ಕೆ ಕಾಲಿಡುವುದೇಕೆಂದು ವಾಚಕರು ಕೇಳಬಹುದು. ಕಾರಣವಿಷ್ಟೆ: ಈ ಮೊಕದ್ದಮೆಗಳು ಕಡೆಗೆ ಬಂದು ನಿಲ್ಲುವುದು ಒಂದು ಲೋಹದ ಮುರಿದ ಮೈಯನ್ನು ಹೇಗೆ ಓದಬೇಕೆಂಬ ಪ್ರಶ್ನೆಯ ಮೇಲೆ. ಕಂಪನಿಯು ಏಣಿಗಳನ್ನು ಹಿಂದಕ್ಕೆ ಕರೆಸಿಕೊಂಡಿತೆಂದ ಮಾತ್ರಕ್ಕೆ ಗಾಯಗೊಂಡವನು ಗೆದ್ದನೆಂದು ಜನ ಭಾವಿಸುತ್ತಾರೆ. ಅದು ಸರಿಯಲ್ಲ. 78,000 ಏಣಿಗಳಲ್ಲಿ ಕೆಲವು ಮುರಿಯಬಹುದೆಂಬುದು ಒಂದು ಮಾತು; ಈ ಮನುಷ್ಯನ ಕಾಲಡಿಯಲ್ಲಿದ್ದ ಈ ಏಣಿಯು ಆ ದೋಷದಿಂದಲೇ, ಆ ಕ್ಷಣದಲ್ಲಿ, ಅವನು ಬೀಳುವುದಕ್ಕೆ ಮೊದಲೇ ಮುರಿಯಿತೆಂಬುದು ಬೇರೊಂದು ಮಾತು. ನ್ಯಾಯಾಲಯ ಕೇಳುವುದು ಎರಡನೆಯದನ್ನು.

ಜಾರಿತೋ ಮುರಿಯಿತೋ

ಕಂಪನಿಯ ಕಡೆಯ ವಾದವು ಸಾಮಾನ್ಯವಾಗಿ ಹೀಗಿರುತ್ತದೆ: ಏಣಿ ಚೆನ್ನಾಗಿಯೇ ಇತ್ತು, ನೀನು ಒರಗಿಸಿದ ರೀತಿ ತಪ್ಪಿತ್ತು, ಬುಡ ಜಾರಿತು, ಬಿದ್ದೆ. ಈ ವಾದದಲ್ಲಿ ಹುರುಳಿದೆಯೇ ಇಲ್ಲವೇ ಎಂಬುದನ್ನು ಕಾಲೇಜಿನ ಮೊದಲ ವರ್ಷದ ಗಣಿತದಿಂದಲೇ ಬಹುಮಟ್ಟಿಗೆ ಅಳೆಯಬಹುದು. ನುಣುಪಾದ ಗೋಡೆಗೆ ಒರಗಿಸಿದ ಏಣಿಯ ಮೇಲೆ ಒಬ್ಬನು ನಿಂತಿದ್ದಾನೆನ್ನೋಣ. ಅವನ ತೂಕವು ಏಣಿಯ ಬುಡವನ್ನು ಗೋಡೆಯಿಂದ ಆಚೆಗೆ ತಳ್ಳಲು ನೋಡುತ್ತದೆ. ನೆಲದ ಘರ್ಷಣೆ ಅದನ್ನು ತಡೆಯುತ್ತದೆ. ಏಣಿಯ ಸ್ವಂತ ತೂಕವನ್ನು ಬಿಟ್ಟು ಲೆಕ್ಕ ಹಾಕಿದರೆ, ಜಾರದಿರಲು ಬೇಕಾದ ಘರ್ಷಣೆಯ ಗುಣಾಂಕವು ಎರಡು ಸಂಗತಿಗಳನ್ನು ಮಾತ್ರ ಅವಲಂಬಿಸುತ್ತದೆ: ಏಣಿಯ ಓರೆ ಎಷ್ಟು, ಅವನು ಏಣಿಯ ಉದ್ದದಲ್ಲಿ ಎಷ್ಟು ಪಾಲು ಮೇಲೇರಿದ್ದಾನೆ. ಅವನ ತೂಕ ಎಷ್ಟಿದ್ದರೂ ಒಂದೇ ಎಂಬುದು ಇಲ್ಲಿಯ ಸ್ವಾರಸ್ಯ.

ಏಣಿಯ ನಾಲ್ಕು ಅಡಿ ಉದ್ದಕ್ಕೆ ಒಂದು ಅಡಿ ಬುಡವನ್ನು ಹೊರಗಿಡಬೇಕೆಂಬುದು ಅಮೆರಿಕದಲ್ಲಿ ಕೆಲಸಗಾರರಿಗೆ ಕಲಿಸುವ ಸೂತ್ರ. ಆಗ ಏಣಿಯು ನೆಲದೊಂದಿಗೆ ಸುಮಾರು 75½ ಡಿಗ್ರಿ ಕೋನವನ್ನು ಮಾಡುತ್ತದೆ. ಅರ್ಧ ಏರಿದವನಿಗೆ ಬೇಕಾದ ಗುಣಾಂಕ 0.13, ತುದಿಗೇರಿದವನಿಗೆ 0.26. ರಬ್ಬರಿನ ಪಾದವುಳ್ಳ ಏಣಿಗೆ ಒಣಗಿದ ಸಿಮೆಂಟು ನೆಲ ಇದಕ್ಕಿಂತ ಹೆಚ್ಚನ್ನೇ ಒದಗಿಸುವುದು. ಆದರೆ ಬುಡವನ್ನು ಹೊರಗೆಳೆದು ಕೋನವನ್ನು 60 ಡಿಗ್ರಿಗೆ ಇಳಿಸಿದರೆ ತುದಿಯಲ್ಲಿ ಬೇಕಾಗುವ ಗುಣಾಂಕ 0.58ಕ್ಕೆ ಏರುತ್ತದೆ. ಕೆಳಗಿನ ಮೆಟ್ಟುಗಳಲ್ಲಿ ಕಲ್ಲಿನಂತೆ ನಿಂತಿದ್ದ ಏಣಿ ಮೇಲೇರಿದ ಮೇಲೆ ಹಠಾತ್ತನೆ ಜಾರುವುದು ಇದೇ ಕಾರಣದಿಂದ. ನೆಲದ ಮೇಲೆ ಉಳಿದ ರಬ್ಬರಿನ ಗೀರು, ಗೋಡೆಯ ಸುಣ್ಣದ ಮೇಲೆ ಕಂಬದ ತುದಿ ಎಳೆದ ಗೆರೆ, ಇವು ಜಾರಿದ ಏಣಿಯ ಗುರುತುಗಳು. ಆದುದರಿಂದಲೇ ಬಿದ್ದ ಜಾಗದ ಭಾವಚಿತ್ರಗಳನ್ನು ಮಳೆ ಬರುವ ಮೊದಲು, ಗೋಡೆಗೆ ಬಣ್ಣ ಬಳಿಯುವ ಮೊದಲು ತೆಗೆದಿಡಬೇಕೆಂದು ವಕೀಲರು ಅವಸರಿಸುವುದು.

ಮುರಿಯುವ ಮಾತು ಬೇರೆ. ಅಮೆರಿಕದಲ್ಲಿ ಪ್ರತಿಯೊಂದು ಏಣಿಯ ಮೇಲೂ ಅದು ಹೊರಬಲ್ಲ ಭಾರದ ದರ್ಜೆಯನ್ನು ನಮೂದಿಸಿರುತ್ತಾರೆ. ಮನೆಬಳಕೆಯ ಹಗುರ ಏಣಿಗೆ 200 ಪೌಂಡು. ಕಟ್ಟಡ ಕೆಲಸದ ಗಟ್ಟಿ ಏಣಿಗೆ 300 ಪೌಂಡು, ಎಂದರೆ 136 ಕಿಲೋಗ್ರಾಂ. ಉದ್ಯೋಗ ಸ್ಥಳಗಳ ಸುರಕ್ಷಣೆಯನ್ನು ನೋಡಿಕೊಳ್ಳುವ ಸರ್ಕಾರದ ಇಲಾಖೆಯು ಕಟ್ಟಡದ ಕೆಲಸಕ್ಕೆ ವಿಧಿಸಿರುವ ನಿಯಮದಂತೆ ಏಣಿಯು ತನ್ನ ಗರಿಷ್ಠ ಭಾರದ ನಾಲ್ಕರಷ್ಟನ್ನು, ಲೋಹ ಅಥವಾ ಪ್ಲಾಸ್ಟಿಕ್ಕಿನ ಈ 300 ಪೌಂಡಿನ ದರ್ಜೆಯದಾದರೆ 3.3ರಷ್ಟನ್ನು ತಾಳಬೇಕು. 300 ಪೌಂಡಿನ ಏಣಿ ಹಾಗಾದರೆ ಸುಮಾರು 450 ಕಿಲೋಗ್ರಾಂ ಭಾರವನ್ನು, ಎಂದರೆ ನಮ್ಮಂಥ ಆರು ಜನರನ್ನು ಒಟ್ಟಿಗೆ ಹೊರಬೇಕಾಯಿತು. ಅಂಥದು ಒಬ್ಬನ ಕಾಲಡಿಯಲ್ಲಿ ಮುರಿದರೆ, ಎಲ್ಲಿಯೋ ಏನೋ ಕೆಟ್ಟಿದೆಯೆಂಬುದರಲ್ಲಿ ಸಂದೇಹವಿಲ್ಲ. ಕೆಟ್ಟದ್ದು ನಕಾಶೆಯಲ್ಲಿಯೇ, ಕಾರ್ಖಾನೆಯಲ್ಲಿಯೇ, ಅಥವಾ ಕೊಂಡವನು ಲಾರಿಯಿಂದ ಎತ್ತಿ ಒಗೆದಾಗಲೇ ಎಂಬುದು ಮಾತ್ರ ಪ್ರಶ್ನೆ.

ಉತ್ತರವನ್ನು ಲೋಹವೇ ಹೇಳುತ್ತದೆ. ಒಂದೇ ಏಟಿಗೆ ಅತಿಭಾರದಿಂದ ಹರಿದ ಅಲ್ಯೂಮಿನಿಯಂ ಹರಿಯುವ ಮೊದಲು ಸ್ವಲ್ಪ ಎಳೆದುಕೊಂಡು ತೆಳುವಾಗುತ್ತದೆ. ಅಂಚು ಓರೆಯಾಗಿ ಕತ್ತರಿಸಿದಂತಿರುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಮೈ ಸಣ್ಣ ಸಣ್ಣ ಕುಳಿಗಳಿಂದ ತುಂಬಿರುವುದು ಕಾಣುತ್ತದೆ. ಲೋಹದ ದಣಿವಿನಿಂದ ಆದ ಬಿರುಕಿನ ಚಹರೆಯೇ ಬೇರೆ. ಉಕ್ಕಿಗೆ ಒಂದು ಮಿತಿಯುಂಟು. ಅದಕ್ಕಿಂತ ಕಡಿಮೆ ಒತ್ತಡವನ್ನು ಎಷ್ಟು ಸಲ ಕೊಟ್ಟರೂ ಅದು ಸಹಿಸೀತು. ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಅಂಥ ನಿಶ್ಚಿತ ಮಿತಿಯಿಲ್ಲ. ಒಂದು ರಿವೆಟ್ಟಿನ ರಂಧ್ರದ ಬಳಿ ಹುಟ್ಟಿದ ಕೂದಲೆಳೆಯ ಬಿರುಕು ಪ್ರತಿಸಲ ಹತ್ತಿ ಇಳಿದಾಗಲೂ ಒಂದಿಷ್ಟು ಮುಂದುವರಿಯುತ್ತದೆ. ಅದು ಸಾಗಿದ ಹಾದಿಯಲ್ಲಿ, ಸಮುದ್ರದಂಡೆಯ ಮರಳಿನಲ್ಲಿ ಅಲೆಗಳು ಬಿಟ್ಟುಹೋಗುವ ಗೆರೆಗಳಂತೆ, ಒಂದರ ಹಿಂದೊಂದು ಕಮಾನಿನಾಕಾರದ ಗೆರೆಗಳು ಉಳಿಯುತ್ತವೆ. ಹಳೆಯ ಬಿರುಕಿನ ಮೈ ಮಾಸಿ ಕಪ್ಪಿಟ್ಟಿರುತ್ತದೆ. ಕಡೆಯ ಗಳಿಗೆಯಲ್ಲಿ ಹರಿದ ಭಾಗ ಮಾತ್ರ ಹೊಸ ನಾಣ್ಯದಂತೆ ಹೊಳೆಯುತ್ತದೆ. ಈ ಎರಡರ ಗಡಿಯನ್ನು ನೋಡಿದವನು ಬಿರುಕು ಎಷ್ಟು ಕಾಲದಿಂದ ಅಡಗಿತ್ತೆಂಬುದನ್ನು ಸುಮಾರಾಗಿ ಊಹಿಸಬಲ್ಲನು.

ಇನ್ನು ಸರಿದು ಸೇರುವ ಏಣಿಗಳಲ್ಲಿ ಮುರಿತವೇ ಇಲ್ಲದೆ ಅಪಘಾತವಾಗುವುದೂ ಉಂಟು. ಪ್ರತಿಯೊಂದು ಹಂತದಲ್ಲಿಯೂ ಎಡಬಲಗಳಲ್ಲಿ ಒಂದೊಂದು ಕೀಲು ರಂಧ್ರಕ್ಕೆ ಹೊಕ್ಕು ಬಿಗಿಯುತ್ತದೆ. ಕೀಲು ಪೂರ್ತಿ ಹೊಗದೆ ಅಂಚಿನ ಮೇಲೆಯೇ ಕುಳಿತರೂ ಹೊರಗಿನಿಂದ ನೋಡುವವನಿಗೆ ಎಲ್ಲವೂ ಬಿಗಿದಂತೆ ತೋರಬಹುದು. ತೂಕ ಬಿದ್ದೊಡನೆ ಅದು ತಪ್ಪುತ್ತದೆ. ಏಣಿ ಕೊಡೆ ಮುಚ್ಚಿದಂತೆ ಕುಸಿಯುತ್ತದೆ. ಇಲ್ಲಿ ಪರೀಕ್ಷಿಸಬೇಕಾದುದು ರಂಧ್ರದ ಅಂಚಿನಲ್ಲಿ ಕೀಲು ಒತ್ತಿದ ಸೂಕ್ಷ್ಮವಾದ ತಗ್ಗನ್ನು.

ಏಣಿ ಮೊಕದ್ದಮೆಗಳಲ್ಲಿ ತಜ್ಞರಿಬ್ಬರು ಎದುರುಬದುರಾಗಿ ನಿಲ್ಲುವ ಒಂದು ವಿವಾದವನ್ನು ಇಲ್ಲಿ ಹೇಳಲೇಬೇಕು. ಕಂಬವು ಬಾಗಿದ್ದರಿಂದ ಮನುಷ್ಯನು ಬಿದ್ದನೇ, ಮನುಷ್ಯನು ಏಣಿಯ ಮೇಲೆ ಬಿದ್ದುದರಿಂದ ಕಂಬವು ಬಾಗಿತೇ? ಮೂರು ಮೀಟರು ಎತ್ತರದಿಂದ ಬೀಳುವವನು ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲದಲ್ಲಿ ನೆಲವನ್ನು ಮುಟ್ಟುತ್ತಾನೆ. ಆಗ ಅವನ ವೇಗ ಗಂಟೆಗೆ 27 ಕಿಲೋಮೀಟರಿಗೂ ಹೆಚ್ಚು. ಅಷ್ಟು ವೇಗದಲ್ಲಿ ಎಪ್ಪತ್ತು ಕಿಲೋಗ್ರಾಂ ದೇಹವು ಮಲಗಿರುವ ಏಣಿಗೆ ಅಪ್ಪಳಿಸಿದರೆ ನಿರ್ದೋಷಿಯಾದ ಕಂಬವೂ ಬಾಗೀತು. ಬಾಗು ಒಳಮುಖವೋ ಹೊರಮುಖವೋ, ಎರಡು ಕಂಬಗಳೂ ಒಂದೇ ದಿಕ್ಕಿಗೆ ಬಾಗಿವೆಯೋ, ಬಾಗಿದ ಸ್ಥಳವು ಅವನು ನಿಂತಿದ್ದ ಮೆಟ್ಟಿಗೆ ಎಷ್ಟು ದೂರ, ಇವುಗಳಿಂದ ಬಲವು ಬಂದ ದಿಕ್ಕನ್ನು ಹಿಂದಕ್ಕೆ ಲೆಕ್ಕ ಹಾಕಬೇಕು. 1993ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಡಾಬರ್ಟ್ ಮೊಕದ್ದಮೆಯಲ್ಲಿ, ತಜ್ಞನ ಮಾತು ಜ್ಯೂರಿಯ ಕಿವಿಗೆ ಬೀಳುವ ಮೊದಲು ಅದರ ಹಿಂದಿನ ಪದ್ಧತಿಯು ವಿಶ್ವಾಸಾರ್ಹವೇ, ಪರೀಕ್ಷಿಸಬಹುದಾದುದೇ ಎಂಬುದನ್ನು ನ್ಯಾಯಾಧೀಶನು ತೂಗಿ ನೋಡಬೇಕೆಂದು ವಿಧಿಸಿತು. 1999ರಲ್ಲಿ ಅದೇ ಕಟ್ಟಳೆಯನ್ನು ಎಂಜಿನಿಯರುಗಳಿಗೂ ಅನ್ವಯಿಸಿತು. ನನಗೆ ನಲವತ್ತು ವರ್ಷದ ಅನುಭವವಿದೆ ಎಂದು ಹೇಳಿ ಮೀಸೆ ತಿರುವುವ ತಜ್ಞನಿಗೆ ಅಲ್ಲಿ ಈಗ ಹೆಚ್ಚು ಬೆಲೆಯಿಲ್ಲ. ಇದೊಂದು ಒಳ್ಳೆಯ ಬದಲಾವಣೆಯೆಂದೇ ನಮ್ಮ ಮತ.

ಇಷ್ಟೆಲ್ಲ ಹೇಳಿದ್ದು ಒಂದು ವಿಪರ್ಯಾಸವನ್ನು ತೋರಿಸುವುದಕ್ಕೆ. ಕಂಪನಿಯ ಪ್ರಕಟಣೆ ಏಣಿಯನ್ನು ಹಿಂದಿರುಗಿಸು, ಹಣ ತೆಗೆದುಕೋ ಎನ್ನುತ್ತದೆ. ಕ್ಷೇಮವಾಗಿರುವವನು ಹಾಗೆಯೇ ಮಾಡತಕ್ಕದ್ದು. ಗಾಯಗೊಂಡವನು ಹಾಗೆ ಮಾಡಿದರೆ ತನ್ನ ಪರವಾದ ಏಕಮಾತ್ರ ಸಾಕ್ಷಿಯನ್ನು ಕೆಲವು ನೂರು ಡಾಲರುಗಳಿಗೆ ಎದುರಾಳಿಯ ಕೈಗೆ ತಾನೇ ಒಪ್ಪಿಸಿದಂತಾಗುತ್ತದೆ. ಅವನು ಆಸ್ಪತ್ರೆಯಲ್ಲಿ ಮಲಗಿರುವಾಗ ಮನೆಯವರು ಆ ಹಾಳು ಏಣಿ ಕಣ್ಣಿಗೆ ಬೀಳದಿರಲೆಂದು ಗುಜರಿಗೆ ಹಾಕುವುದೂ ಉಂಟು. ದುಃಖದಲ್ಲಿ ಅದು ಸಹಜವೇ. ಏಣಿಯನ್ನು ಮುರಿದ ಸ್ಥಿತಿಯಲ್ಲಿಯೇ, ತುಂಡುಗಳನ್ನು ಒಂದಕ್ಕೊಂದು ತಾಗಿಸಿ ನೋಡದೆ, ತೊಳೆಯದೆ, ಅದರ ಮೇಲಿನ ಚೀಟಿಯನ್ನೂ ತಯಾರಿಕೆಯ ಸಂಖ್ಯೆಯನ್ನೂ ಕೀಳದೆ ಒಣ ಜಾಗದಲ್ಲಿ ಇರಿಸಬೇಕು. ಮುರಿದ ಮೈಗಳನ್ನು ಒಮ್ಮೆ ಕೂಡಿಸಿ ಉಜ್ಜಿದರೆ ಮೇಲೆ ಹೇಳಿದ ಅಲೆಗೆರೆಗಳು ಅಳಿಸಿಹೋಗುತ್ತವೆ. ತಜ್ಞನು ಲೋಹವನ್ನು ಕತ್ತರಿಸಿ ಪರೀಕ್ಷಿಸಬೇಕಾದರೂ ಎದುರು ಪಕ್ಷಕ್ಕೆ ಮುಂಚಿತವಾಗಿ ತಿಳಿಸಿ ಅವರ ಸಮಕ್ಷಮದಲ್ಲಿ ಮಾಡುವುದು ಪದ್ಧತಿ. ಇಲ್ಲವಾದರೆ ಸಾಕ್ಷ್ಯವನ್ನು ನಾಶ ಮಾಡಿದನೆಂಬ ಆಕ್ಷೇಪವು ಗಾಯಗೊಂಡವನ ಮೇಲೆಯೇ ತಿರುಗಿ ಬೀಳುತ್ತದೆ. ಹಣ ವಾಪಸು ಪಡೆಯುವಾಗ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಇನ್ನಾವ ಹಕ್ಕನ್ನೂ ಕೇಳುವುದಿಲ್ಲವೆಂಬ ವಾಕ್ಯವಿದೆಯೇ ಎಂದು ಓದಿ ನೋಡುವುದೂ ಅಗತ್ಯ.

ಕಾನೂನು ನಡೆದುಬಂದ ದಾರಿ

ಈಗ ಕಾನೂನಿನ ಕಡೆಗೆ ಬರೋಣ. ವಸ್ತುವನ್ನು ತಯಾರಿಸಿದವನು ಅದನ್ನು ತನ್ನಿಂದ ನೇರವಾಗಿ ಕೊಂಡವನಿಗೆ ಮಾತ್ರ ಹೊಣೆ ಎಂಬುದು ಹಳೆಯ ನಿಯಮ. 1842ರಲ್ಲಿ ಇಂಗ್ಲೆಂಡಿನಲ್ಲಿ ಅಂಚೆಯ ಸಾರೋಟು ಮುರಿದು ಬಿದ್ದ ಚಾಲಕನಿಗೆ ಇದೇ ನಿಯಮದಿಂದ ನ್ಯಾಯ ದೊರೆಯಲಿಲ್ಲ; ಸಾರೋಟನ್ನು ಸುಸ್ಥಿತಿಯಲ್ಲಿಡುವ ಕರಾರು ಅಂಚೆಯ ಅಧಿಕಾರಿಯೊಡನೆ ಆಗಿತ್ತೇ ಹೊರತು ಚಾಲಕನೊಡನೆ ಅಲ್ಲವಲ್ಲ! ಈ ಗೋಡೆಯಲ್ಲಿ ಮೊದಲು ಬಿರುಕು ಬಿಟ್ಟ ಕಡೆಗಳಲ್ಲಿ ಎರಡು ಎತ್ತರಕ್ಕೆ ಹತ್ತಿದವರಿಂದಲೇ ಆದುವೆಂಬುದು ಕುತೂಹಲಕರ. 1882ರಲ್ಲಿ ನ್ಯೂಯಾರ್ಕಿನಲ್ಲಿ ನ್ಯಾಯಾಲಯದ ಕಟ್ಟಡವೊಂದರ ಗುಮ್ಮಟಕ್ಕೆ ಬಣ್ಣ ಬಳಿಯಲು ಕಟ್ಟಿದ್ದ ಅಟ್ಟಣೆ ಕುಸಿದು ಬಣ್ಣಗಾರನು ಸತ್ತ ಮೊಕದ್ದಮೆ ಒಂದು. ಅಡ್ಡ ಮರವನ್ನು ಹಗ್ಗದಿಂದ ಬಿಗಿಯುವ ಬದಲು ಮೊಳೆ ಹೊಡೆದು ನಿಲ್ಲಿಸಿದ್ದರು. ಅಟ್ಟಣೆ ಕಟ್ಟಿದವನಿಗೂ ಸತ್ತವನಿಗೂ ಕರಾರಿಲ್ಲದಿದ್ದರೂ ಹೊಣೆಯುಂಟೆಂದು ತೀರ್ಪಾಯಿತು.

ಎರಡನೆಯದು ಏಣಿಯದೇ. 1892ರಲ್ಲಿ ಮಿನೆಸೋಟ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಕ್ಲಾರ್ಕ್ ಕಂಪನಿಯ ಮೊಕದ್ದಮೆಯಲ್ಲಿ, ಎಳೆ ಅಡ್ಡಡ್ಡವಾದ, ಕೊಳೆತ ಕಳಪೆ ಮರದಿಂದ ಮೆಟ್ಟಿಲೇಣಿಯನ್ನು ಮಾಡಿ, ಆ ದೋಷವು ಕಾಣದಂತೆ ಎಣ್ಣೆ, ಬಣ್ಣ, ವಾರ್ನಿಷುಗಳನ್ನು ಬಳಿದು ಮಾರಿದರೆಂಬುದು ಆರೋಪ. ಬಿದ್ದವನು ಏಣಿಯನ್ನು ಕೊಂಡವನಲ್ಲ, ಕೊಂಡವನ ಬಳಿ ಕೆಲಸಕ್ಕಿದ್ದವನು. ಆದರೂ ತಯಾರಿಸಿದವನು ಉತ್ತರ ಹೇಳಬೇಕೆಂದು ನ್ಯಾಯಾಲಯವು ಹೇಳಿತು. ನೂರಮೂವತ್ತು ವರ್ಷಗಳ ಹಿಂದಿನ ಆ ವಾರ್ನಿಷಿಗೂ ಇಂದಿನ ಹೊಳಪಿನ ಅಲ್ಯೂಮಿನಿಯಂ ಮೈಯೊಳಗಿನ ಬಿರುಕಿಗೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

1916ರಲ್ಲಿ ನ್ಯೂಯಾರ್ಕಿನ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ಅವರು, ಚಕ್ರದ ಮರದ ಅರಗಳು ಪುಡಿಯಾಗಿ ಉರುಳಿದ ಬ್ಯೂಕ್ ಕಾರಿನ ಮೊಕದ್ದಮೆಯಲ್ಲಿ ಹಳೆಯ ನಿಯಮವನ್ನು ಕಿತ್ತೆಸೆದರು. ಚಕ್ರವನ್ನು ಮತ್ತೊಬ್ಬ ತಯಾರಕನಿಂದ ತರಿಸಿದ್ದರೂ ಅದನ್ನು ಪರೀಕ್ಷಿಸುವ ಹೊಣೆ ಕಾರು ತಯಾರಿಸಿದವನದೇ ಎಂದಾಯಿತು. ಅಲ್ಲಿಗೂ ಗಾಯಗೊಂಡವನು ತಯಾರಕನ ಅಜಾಗರೂಕತೆಯನ್ನು ತೋರಿಸಬೇಕಾಗಿತ್ತು. ಆ ಭಾರವನ್ನು ಇಳಿಸಿದ್ದು 1963ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಮೂರ್ತಿ ರೋಜರ್ ಟ್ರೇನರ್ ಅವರ ತೀರ್ಪು. ಮರಗೆಲಸದ ಯಂತ್ರವೊಂದರಿಂದ ಮರದ ತುಂಡು ಸಿಡಿದು ಒಬ್ಬನ ಹಣೆಗೆ ಬಡಿದಿತ್ತು. ಯಂತ್ರದ ಭಾಗಗಳನ್ನು ಹಿಡಿದಿಟ್ಟ ತಿರುಪುಗಳು ಅದರ ಕಂಪನಕ್ಕೆ ಸಡಿಲವಾಗುವಂಥವೆಂದು ತಜ್ಞರು ನುಡಿದರು. ದೋಷವುಳ್ಳ ವಸ್ತುವನ್ನು ಪೇಟೆಗೆ ಬಿಟ್ಟವನು, ತಾನು ಎಷ್ಟೇ ಎಚ್ಚರ ವಹಿಸಿದ್ದೆನೆಂದರೂ, ಅದರಿಂದಾದ ಗಾಯಕ್ಕೆ ಹೊಣೆ ಎಂದು ಆ ತೀರ್ಪು ಸಾರಿತು. ಕಟ್ಟುನಿಟ್ಟಾದ ಹೊಣೆ ಎಂದು ಇದನ್ನು ಕರೆಯಬಹುದು.

ಆದುದರಿಂದ ಇಂದು ಏಣಿಯಿಂದ ಬಿದ್ದವನ ವಕೀಲನು ಸಾಮಾನ್ಯವಾಗಿ ಮೂರು ಎಳೆಗಳನ್ನು ಒಂದೇ ದಾವೆಯಲ್ಲಿ ಹೊಸೆಯುತ್ತಾನೆ: ಕಟ್ಟುನಿಟ್ಟಾದ ಹೊಣೆ, ಅಜಾಗರೂಕತೆ, ಮತ್ತು ಮಾರಿದ ವಸ್ತು ತನ್ನ ಸಾಮಾನ್ಯ ಕೆಲಸಕ್ಕೆ ತಕ್ಕುದಾಗಿರುವುದೆಂಬ ಭರವಸೆಯ ಭಂಗ. ಇವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾರ್ತ್ ಕ್ಯಾರೊಲೈನ, ವರ್ಜೀನಿಯಗಳಲ್ಲಿ ಕಟ್ಟುನಿಟ್ಟಾದ ಹೊಣೆಯ ಎಳೆ ಇಲ್ಲವೇ ಇಲ್ಲ. ದೋಷವೂ ಮೂರು ಬಗೆ: ಒಂದು ಏಣಿ ಮಾತ್ರ ಕೆಟ್ಟು ಬಂದದ್ದು, ನಕಾಶೆಯೇ ಕೆಟ್ಟದ್ದು, ಎಚ್ಚರಿಕೆಯ ಮಾತು ಸಾಲದೆ ಹೋದದ್ದು. ಎರಡನೆಯ ಬಗೆಯಲ್ಲಿ ಇದಕ್ಕಿಂತ ಸುರಕ್ಷಿತವಾದ ಏಣಿಯನ್ನು ನ್ಯಾಯವಾದ ವೆಚ್ಚದಲ್ಲಿ ಮಾಡಬಹುದಿತ್ತೆಂದು ತೋರಿಸಬೇಕಾದೀತು. ಇಲ್ಲಿಯೂ ಎಂಜಿನಿಯರನೇ ಬೇಕು.

ಹೊಣೆಗಾರರು ಯಾರು

ತಯಾರಕನೊಬ್ಬನೇ ಅಲ್ಲ, ಅನೇಕ ರಾಜ್ಯಗಳಲ್ಲಿ ಮಾರಿದ ಅಂಗಡಿಯವನನ್ನೂ ಸೇರಿಸಬಹುದು. ಕೆಲವು ರಾಜ್ಯಗಳು ಏನೂ ಅರಿಯದೆ ಮಾರಿದ ವ್ಯಾಪಾರಿಗೆ ವಿನಾಯಿತಿ ಕೊಟ್ಟಿವೆ. ಹೊರದೇಶದಲ್ಲಿ ತಯಾರಾಗಿ ಅಂತರಜಾಲದ ಅಂಗಡಿಯ ಮೂಲಕ ಬಂದ ಏಣಿಯಾದರೆ ಸಿಕ್ಕು ಹೆಚ್ಚು. 2020ರಲ್ಲಿ ಕ್ಯಾಲಿಫೋರ್ನಿಯದ ಮೇಲ್ಮನವಿ ನ್ಯಾಯಾಲಯವೊಂದು, ಬೇರೊಬ್ಬನು ಅಮೆಜಾನ್ ಮೂಲಕ ಮಾರಿದ ಬ್ಯಾಟರಿ ಸಿಡಿದಾಗ ಅಮೆಜಾನ್ ಕೂಡ ಹೊಣೆಯಾಗಬಲ್ಲದೆಂದಿತು. ಎಲ್ಲ ರಾಜ್ಯಗಳೂ ಇದನ್ನು ಒಪ್ಪಿಲ್ಲ.

ಕಂಪನಿಯೇ ಮುಚ್ಚಿಹೋಗಿದ್ದರೆ? ಇದಕ್ಕೆ ಉತ್ತರ ಕೊಟ್ಟದ್ದೂ ಒಂದು ಏಣಿಯೇ. ಅಲಾಡ್ ಎಂಬ ಏಣಿ ಕಂಪನಿಯನ್ನು 1968ರಲ್ಲಿ ಮತ್ತೊಬ್ಬರು ಕೊಂಡು, ಅದೇ ಕಾರ್ಖಾನೆಯಲ್ಲಿ, ಅದೇ ಹೆಸರಿನಲ್ಲಿ ಏಣಿಗಳನ್ನು ಮಾಡುತ್ತಿದ್ದರು. ಹಳೆಯ ಕಂಪನಿಯು ವಿಸರ್ಜನೆಯಾಯಿತು. 1969ರಲ್ಲಿ ಹಳೆಯ ಕಂಪನಿ ಮಾಡಿದ್ದ ಏಣಿಯಿಂದ ಕೆಲಸಗಾರನೊಬ್ಬನು ಬಿದ್ದನು. ಹಳೆಯದರ ಒಳ್ಳೆಯ ಹೆಸರಿನ ಲಾಭವನ್ನುಣ್ಣುವ ಹೊಸ ಕಂಪನಿಯು ಹಳೆಯ ಏಣಿಗಳ ಹೊಣೆಯನ್ನೂ ಹೊರಬೇಕೆಂದು 1977ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಬಹಳ ರಾಜ್ಯಗಳು ಇಷ್ಟು ದೂರ ಹೋಗಿಲ್ಲ. ನಮಗಂತೂ ಈ ತೀರ್ಪು ನ್ಯಾಯವಾಗಿಯೇ ತೋರುತ್ತದೆ.

ಕೂಲಿಗಾಗಿ ಏಣಿ ಹತ್ತಿದವನು ತನ್ನ ಮಾಲೀಕನ ವಿಮೆಯಿಂದ, ಯಾರ ತಪ್ಪೆಂದು ಕೇಳದೆ, ವೈದ್ಯವೆಚ್ಚವನ್ನೂ ವೇತನದ ಒಂದು ಪಾಲನ್ನೂ ಪಡೆಯುತ್ತಾನೆ. ಅದಕ್ಕೆ ಬದಲಾಗಿ ಮಾಲೀಕನ ಮೇಲೆ ದಾವೆ ಹೂಡುವ ಹಕ್ಕನ್ನು ಬಿಡಬೇಕು. ಏಣಿ ತಯಾರಿಸಿದವನ ಮೇಲಿನ ಹಕ್ಕು ಮಾತ್ರ ಉಳಿದೇ ಇರುತ್ತದೆ. ಎಷ್ಟೋ ಕೆಲಸಗಾರರು ಇದನ್ನರಿಯದೆ ವಿಮೆಯ ಹಣಕ್ಕೇ ತೃಪ್ತರಾಗುತ್ತಾರೆ. ಗೆದ್ದರೆ ವಿಮೆಯವರು ತಾವು ಕೊಟ್ಟದ್ದನ್ನು ಆ ಹಣದಿಂದ ಹಿಂದಕ್ಕೆ ಕೇಳುವುದುಂಟು. ನ್ಯೂಯಾರ್ಕ್ ರಾಜ್ಯವೊಂದರಲ್ಲಿ ಮತ್ತೊಂದು ಬಾಗಿಲಿದೆ. 1885ರಷ್ಟು ಹಿಂದೆ ಬೇರೂರಿದ ಅಲ್ಲಿಯ ಕಾನೂನಿನಂತೆ, ಕಟ್ಟಡದ ಕೆಲಸಕ್ಕೆ ಸರಿಯಾದ ಏಣಿ, ಅಟ್ಟಣೆಗಳನ್ನು ಒದಗಿಸದ ಕಟ್ಟಡದ ಒಡೆಯನೂ ಗುತ್ತಿಗೆದಾರನೂ ನೇರವಾಗಿ ಹೊಣೆಯಾಗುತ್ತಾರೆ. ಕೆಲಸಗಾರನದೂ ಸ್ವಲ್ಪ ತಪ್ಪಿತ್ತೆಂಬ ನೆಪ ನಡೆಯುವುದಿಲ್ಲ.

ಆ ನೆಪ ಬೇರೆಡೆ ಬಹಳ ನಡೆಯುತ್ತದೆ. ಕ್ಯಾಲಿಫೋರ್ನಿಯದಲ್ಲಿ ಗಾಯಗೊಂಡವನ ತಪ್ಪು ನೂರರಲ್ಲಿ ಮೂವತ್ತು ಪಾಲೆಂದರೆ ಪರಿಹಾರದಲ್ಲಿ ಮೂವತ್ತು ಪಾಲು ಕಡಿಮೆ, ಅಷ್ಟೆ. ನಾರ್ತ್ ಕ್ಯಾರೊಲೈನದಲ್ಲಿ ಒಂದು ಪಾಲು ತಪ್ಪಿದ್ದರೂ ಏನೂ ದೊರೆಯದೆ ಹೋಗಬಹುದು. 60 ಡಿಗ್ರಿಗೂ 75 ಡಿಗ್ರಿಗೂ ಇರುವ ವ್ಯತ್ಯಾಸ ಎಷ್ಟು ಬೆಲೆಬಾಳುವುದೆಂಬುದು ಇಲ್ಲಿ ಗೊತ್ತಾಗುತ್ತದೆ.

ಕಾಲಮಿತಿಯೂ ಹೀಗೆಯೇ. ಗಾಯವಾದ ದಿನದಿಂದ ಟೆನೆಸೀಯಲ್ಲಿ 1 ವರ್ಷ, ಕ್ಯಾಲಿಫೋರ್ನಿಯದಲ್ಲಿ 2, ನ್ಯೂಯಾರ್ಕಿನಲ್ಲಿ 3. ಇದಲ್ಲದೆ ಕೆಲವೆಡೆ ವಸ್ತು ಮಾರಾಟವಾದ ದಿನದಿಂದಲೇ ಎಣಿಸುವ ಇನ್ನೊಂದು ಗಡುವುಂಟು: ಟೆನೆಸೀಯಲ್ಲಿ 10 ವರ್ಷ, ಟೆಕ್ಸಾಸಿನಲ್ಲಿ 15. ಅಜ್ಜನು ಕೊಂಡ ಏಣಿಯಿಂದ ಮೊಮ್ಮಗನು ಬಿದ್ದರೆ ಕಾನೂನಿನ ಬಾಗಿಲು ಅವನು ಬೀಳುವ ಮೊದಲೇ ಮುಚ್ಚಿರಬಹುದು.

ಈಗ ಆ ವಾಪಸಾತಿ ಪ್ರಕಟಣೆಯ ಸ್ಥಾನವೇನು? 1972ರ ಕಾನೂನಿನಿಂದ ಸ್ಥಾಪಿತವಾದ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗವು ಇದರ ಉಸ್ತುವಾರಿ ನಡೆಸುತ್ತದೆ. ದೊಡ್ಡ ಅಪಾಯ ತರಬಲ್ಲ ದೋಷವು ಕಂಪನಿಗೆ ತಿಳಿದುಬಂದರೆ 24 ಗಂಟೆಯೊಳಗೆ ಆಯೋಗಕ್ಕೆ ವರದಿ ಮಾಡಬೇಕೆಂಬುದು ನಿಯಮ. ಗಾಯವಾದ ಮೇಲೆ ಹೊರಟ ಪ್ರಕಟಣೆಯನ್ನು ದೋಷದ ರುಜುವಾತಾಗಿ ಮುಂದಿಡಲು ಅಲ್ಲಿಯ ಕೇಂದ್ರ ಸಾಕ್ಷ್ಯ ನಿಯಮ ಸಾಮಾನ್ಯವಾಗಿ ಬಿಡುವುದಿಲ್ಲ. ತಪ್ಪನ್ನು ತಿದ್ದಿಕೊಂಡವನನ್ನು ಆ ತಿದ್ದುಪಡಿಯಿಂದಲೇ ಹೊಡೆದರೆ ಮುಂದೆ ಯಾರೂ ತಿದ್ದಿಕೊಳ್ಳರೆಂಬುದು ಅದರ ಹಿಂದಿನ ಯೋಚನೆ. ಕ್ಯಾಲಿಫೋರ್ನಿಯವು 1974ರಿಂದಲೂ ಕಟ್ಟುನಿಟ್ಟಾದ ಹೊಣೆಯ ದಾವೆಗಳಲ್ಲಿ ಈ ತಡೆಯನ್ನು ಒಪ್ಪುವುದಿಲ್ಲ. ಗಾಯಕ್ಕೆ ಮೊದಲೇ ಪ್ರಕಟಣೆ ಹೊರಟಿದ್ದರೆ ಈ ತಡೆ ಅನ್ವಯಿಸದು. ಆದರೆ ಆಗ ಕಂಪನಿಯು ಎಚ್ಚರಿಸಿದ ಮೇಲೂ ಏಕೆ ಹತ್ತಿದೆ ಎಂದು ಕೇಳುತ್ತದೆ. ಎಚ್ಚರಿಕೆ ಅವನನ್ನು ಮುಟ್ಟಿತೇ ಎಂಬುದೇ ಆಗ ಮುಖ್ಯ ಪ್ರಶ್ನೆ. ಬೀದಿಬದಿಯ ಹಳೆಯ ಸಾಮಾನಿನ ಮಾರಾಟದಲ್ಲಿ ಏಣಿ ಕೊಂಡವನಿಗೆ ಅದು ಮುಟ್ಟಿರುವುದು ಅಸಂಭವ. ಹಿಂದಕ್ಕೆ ಕರೆಸಿಕೊಂಡ ವಸ್ತುವನ್ನು ಮತ್ತೆ ಮಾರುವುದು 2008ರಿಂದ ಕಾನೂನಿಗೆ ವಿರುದ್ಧವೆಂಬುದೂ ಅನೇಕರಿಗೆ ತಿಳಿಯದು. ವಕೀಲನಿಗೆ ಪ್ರಕಟಣೆಗಿಂತ ಹೆಚ್ಚು ಉಪಯುಕ್ತವಾದುದು ಅದರ ಹಿಂದಿನ ಕಡತ: ಎಷ್ಟು ದೂರುಗಳು ಬಂದುವು, ಮೊದಲನೆಯದು ಯಾವಾಗ, ಕಂಪನಿಯ ಎಂಜಿನಿಯರುಗಳು ಒಳಗೆ ಏನು ಬರೆದುಕೊಂಡರು ಎಂಬುದು. 2011ರಿಂದ ಆಯೋಗವು ಸಾರ್ವಜನಿಕರ ದೂರುಗಳನ್ನು ತಾನೇ ಸ್ವೀಕರಿಸಿ ಎಲ್ಲರಿಗೂ ಕಾಣುವಂತೆ ಇಡುತ್ತಿದೆ.

ವಕೀಲರು ಮುಂಗಡ ಕೇಳದೆ, ಗೆದ್ದ ಹಣದಲ್ಲಿ ಸಾಮಾನ್ಯವಾಗಿ ಮೂರರಲ್ಲೊಂದು ಪಾಲನ್ನು ತೆಗೆದುಕೊಳ್ಳುವ ಪದ್ಧತಿ ಅಲ್ಲಿಯದು. ಬಡವನಿಗೂ ನ್ಯಾಯಾಲಯದ ಮೆಟ್ಟಿಲು ಏರಲು ಇದರಿಂದ ಅನುಕೂಲ. ಆದರೆ ತಜ್ಞರ ಪರೀಕ್ಷೆಯ ವೆಚ್ಚ ದೊಡ್ಡದಾದ ಕಾರಣ, ಮಣಿಕಟ್ಟು ಉಳುಕಿದವನ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳುವ ವಕೀಲನು ಸಿಕ್ಕುವುದು ಕಷ್ಟ.

ನಮ್ಮ ದೇಶದಲ್ಲಿ ಹೇಗೆಂದು ವಾಚಕರು ಕೇಳದಿರಲಾರರು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷವುಳ್ಳ ಸರಕಿನಿಂದಾದ ಗಾಯಕ್ಕೆ ತಯಾರಕನ ಹೊಣೆಯನ್ನು ಮೊದಲ ಬಾರಿಗೆ ಒಂದು ಪ್ರತ್ಯೇಕ ಅಧ್ಯಾಯದಲ್ಲಿ ಹೇಳಿದೆ. ಅಪಾಯಕರ ಸರಕನ್ನು ಹಿಂದಕ್ಕೆ ಕರೆಸುವಂತೆ ಆಜ್ಞೆ ಮಾಡುವ ಅಧಿಕಾರವನ್ನು ಒಂದು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. ದೂರನ್ನು 2 ವರ್ಷದೊಳಗೆ ಕೊಡಬೇಕು. ಸರಕಿನ ಬೆಲೆ 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವಿಲ್ಲ, ಮತ್ತು 5 ಲಕ್ಷದ ಏಣಿಯನ್ನು ನಾವು ಇನ್ನೂ ಕಂಡಿಲ್ಲ. ನಮ್ಮ ಊರುಗಳಲ್ಲಿ ಸುಣ್ಣ ಬಣ್ಣದವರು ಹತ್ತುವುದು ಹೆಚ್ಚಾಗಿ ಬಿದಿರಿನ ಏಣಿಯನ್ನು. ಅದರ ಮೇಲೆ ತಯಾರಕನ ಹೆಸರೂ ಇಲ್ಲ, ಭಾರದ ದರ್ಜೆಯೂ ಇಲ್ಲ. ಇಂಥದಕ್ಕೂ ಕಾಯಿದೆಯಲ್ಲಿ ಒಂದು ಮಾತಿದೆ: ತಯಾರಿಸಿದವನು ಯಾರೆಂದು ತಿಳಿಯದಿದ್ದರೆ ಹೊಣೆಯು ಮಾರಿದವನ ಮೇಲೆ ಬರುತ್ತದೆ. ಆದರೆ ಕೆಲಸದ ಸ್ಥಳಕ್ಕೆಂದು ಮಾಲೀಕನು ಕೊಂಡ ಸರಕಾಗಿದ್ದು, ತಯಾರಕನು ಎಚ್ಚರಿಕೆಯನ್ನು ಆ ಮಾಲೀಕನಿಗೆ ತಲುಪಿಸಿದ್ದರೆ, ಎಚ್ಚರಿಕೆ ಸಾಲದೆಂಬ ಕಾರಣದಿಂದ ತಯಾರಕನನ್ನು ಹಿಡಿಯಲಾಗದೆಂಬ ವಿನಾಯಿತಿಯೂ ಅದರಲ್ಲಿಯೇ ಇದೆ. ಮಾಲೀಕನ ಕೈಗೆ ಬಂದ ಆ ಚೀಟಿಯನ್ನು ಏಣಿ ಹತ್ತುವವನಿಗೆ ಯಾರಾದರೂ ಓದಿ ಹೇಳಿದರೇ ಎಂಬುದನ್ನು ಆ ಕಲಮು ಕೇಳುವುದಿಲ್ಲ.